ಡೆನ್ಮಾರ್ಕ್‌ನಲ್ಲಿ ‘ಆಶ್ರಯ’ ಅನ್ನೋ ಮಾತಿನ ಅರ್ಥ ಬದಲಾಗಿದೆ

ಪ್ರಶ್ನೆ: ನನ್ನ ಮಗ ಎರಡು ವರ್ಷದಿಂದ ಕೋಪನ್‌ಹೇಗನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಲ್ಲಿ ಆಸ್ಪತ್ರೆಗೆ ದುಡ್ಡಿಲ್ಲ, ಶಾಲೆಗೆ ದುಡ್ಡಿಲ್ಲ, ಜನ ತುಂಬಾ ನಂಬಿಕಸ್ತರು ಅಂತ ಹೊಗಳುತ್ತಾನೆ. ಆದರೆ ಅದೇ ದೇಶ ನಿರಾಶ್ರಿತರ ಒಡವೆ ತೆಗೆದುಕೊಳ್ಳುತ್ತದೆ, ಸಿರಿಯಾದಿಂದ ಓಡಿ ಬಂದವರಿಗೆ ವಾಪಸ್ ಹೋಗಿ ಅನ್ನುತ್ತದೆ ಎಂದು ಓದಿದೆ. ಎರಡೂ ನಿಜವೇ? ಇಷ್ಟು ಬಿಗಿ ಮಾಡಿ ಅವರಿಗೆ ಸಿಕ್ಕಿದ್ದೇನು? ಇದರಿಂದ ನನ್ನ ಮಗನಿಗೆ ತೊಂದರೆ ಇದೆಯೇ? ಆ ಜನರಿಗೆ ತನ್ನಿಂದ ಏನಾದರೂ ಆಗುತ್ತದಾ ಅಂತಲೂ ಅವನು ಕೇಳುತ್ತಿದ್ದ. — ಒಬ್ಬ ತಾಯಿ, ಧಾರವಾಡ

ಉತ್ತರ: ಎರಡೂ ನಿಜ, ಅಮ್ಮಾ. ನಿಮ್ಮ ಮಗ ಹೇಳಿದ್ದೂ ಸರಿ, ನೀವು ಓದಿದ್ದೂ ಸರಿ. ಒಂದಕ್ಕೊಂದು ಸಂಬಂಧವೂ ಇದೆ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಿರಾಶ್ರಿತರ ಬಗ್ಗೆ ಇಡೀ ಜಗತ್ತಿಗೆ ಆಧಾರವಾಗಿರುವ ಒಪ್ಪಂದ 1951ರದ್ದು. ತನ್ನ ದೇಶದಲ್ಲಿ ಜನಾಂಗ, ಧರ್ಮ, ರಾಜಕೀಯ ನಿಲುವು ಇಂಥ ಕಾರಣಕ್ಕೆ ಜೀವಭಯ ಇರುವವನನ್ನು ಮತ್ತೆ ಅಲ್ಲಿಗೇ ತಳ್ಳಬಾರದು ಎಂಬುದು ಅದರ ತಿರುಳು. ಆ ಒಪ್ಪಂದವನ್ನು ತನ್ನ ಸಂಸತ್ತಿನ ಒಪ್ಪಿಗೆಯೊಂದಿಗೆ ಖಾಯಂ ಮಾಡಿದ ಮೊದಲ ದೇಶ ಯಾವುದು ಗೊತ್ತೇ? ಡೆನ್ಮಾರ್ಕ್. 1952ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ, 1943ರ ಅಕ್ಟೋಬರ್‌ನಲ್ಲಿ, ನಾಜಿಗಳು ಹಿಡಿಯಲು ಬಂದಾಗ ಡೇನ್ ಜನ ತಮ್ಮ 7 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ರಾತ್ರೋರಾತ್ರಿ ಸ್ವೀಡನ್‌ಗೆ ದಾಟಿಸಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಡೇನರು ಸ್ವಭಾವದಿಂದಲೇ ಕಲ್ಲು ಮನಸ್ಸಿನವರು ಎಂದು ಯಾರೂ ಅಂದುಕೊಳ್ಳಬಾರದು. ಬದಲಾಗಿದ್ದು ಕಾನೂನು. ಅದೂ ಒಂದೇ ದಿನದಲ್ಲಿ ಅಲ್ಲ.

1983ರ ಅವರ ವಿದೇಶಿಯರ ಕಾನೂನು ಯುರೋಪ್‌ನಲ್ಲೇ ಅತ್ಯಂತ ಉದಾರ ಅನ್ನಿಸಿಕೊಂಡಿತ್ತು. ಆ ಹೊತ್ತಿಗೇ ನಮ್ಮ ಪಕ್ಕದ ಶ್ರೀಲಂಕಾದಲ್ಲಿ ಯುದ್ಧ ಶುರುವಾಯಿತು. ಸಾವಿರಾರು ತಮಿಳರು ಡೆನ್ಮಾರ್ಕ್ ಸೇರಿದರು. ಬಂದವರಿಗೆ ತಮ್ಮ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕು ಕಾನೂನಿನಲ್ಲಿ ಸ್ಪಷ್ಟವಾಗಿತ್ತು. ಆದರೆ 1987ರಲ್ಲಿ ಕಾನೂನು ಮಂತ್ರಿ ಎರಿಕ್ ನಿನ್-ಹಾನ್ಸನ್ ಆ ಅರ್ಜಿಗಳನ್ನು ಮುಟ್ಟಬೇಡಿ ಎಂದು ಅಧಿಕಾರಿಗಳಿಗೆ ಹೇಳಿ ಕಡತಗಳನ್ನು ತಡೆಹಿಡಿಸಿದರು. ಗಂಡ ಡೆನ್ಮಾರ್ಕ್‌ನಲ್ಲಿ, ಹೆಂಡತಿ ಮಕ್ಕಳು ಯುದ್ಧದ ನಡುವೆ. ವಿಷಯ ಹೊರಬಿತ್ತು. ತನಿಖೆ ನಡೆಯಿತು. 1993ರ ಜನವರಿಯಲ್ಲಿ ಪ್ರಧಾನಿ ಪೌಲ್ ಶ್ಲೂಟರ್ ರಾಜೀನಾಮೆ ಕೊಡಬೇಕಾಯಿತು. 1995ರಲ್ಲಿ ಆ ಮಂತ್ರಿಗೆ ವಿಶೇಷ ನ್ಯಾಯಾಲಯದಲ್ಲಿ ಶಿಕ್ಷೆಯೂ ಆಯಿತು.

ಸುಮ್ನೆ ಯೋಚಿಸಿ ನೋಡಿ. ದೂರದಿಂದ ಬಂದ, ವೋಟು ಕೂಡ ಇಲ್ಲದ ಕೆಲವು ತಮಿಳು ಕುಟುಂಬಗಳಿಗೆ ಅನ್ಯಾಯವಾಯಿತು ಎಂದು ಒಂದು ಸರ್ಕಾರವೇ ಬಿದ್ದುಹೋಯಿತು! ಇವತ್ತೂ ಅಲ್ಲಿ ಅದನ್ನು ‘ತಮಿಳು ಪ್ರಕರಣ’ ಎಂದೇ ಕರೆಯುತ್ತಾರೆ. ಆ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಈಗ ಡೇನರೇ. ಹೆರ್ನಿಂಗ್ ಮತ್ತು ಬ್ರಾಂಡೆ ಎಂಬ ಊರುಗಳಲ್ಲಿ ಅವರು ಕಟ್ಟಿದ ದೇವಸ್ಥಾನಗಳಿವೆ. ನಿಮ್ಮ ಮಗ ಯೂಟ್ಲಂಡ್ ಕಡೆ ಹೋದರೆ ನೋಡಿ ಬರಲಿ.

ಆ ದೇಶ ಇಲ್ಲಿಗೆ ಹೇಗೆ ಬಂತು? ಮೊದಲ ದೊಡ್ಡ ತಿರುವು 2001ರ ಚುನಾವಣೆ. ವಲಸೆಯನ್ನು ಮುಖ್ಯ ವಿಷಯ ಮಾಡಿಕೊಂಡ ಡ್ಯಾನಿಷ್ ಪೀಪಲ್ಸ್ ಪಾರ್ಟಿಯ ಬೆಂಬಲದಲ್ಲಿ ಆಂಡರ್ಸ್ ಫೋಗ್ ರಾಸ್‌ಮುಸನ್ ಸರ್ಕಾರ ಬಂತು. ಮರು ವರ್ಷವೇ, ವಿದೇಶದಿಂದ ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಲು ಇಬ್ಬರಿಗೂ 24 ತುಂಬಿರಬೇಕು ಎಂಬ ನಿಯಮ ಮಾಡಿದರು. ಹೊಸದಾಗಿ ಬಂದ ನಿರಾಶ್ರಿತರಿಗೆ ಕೊಡುವ ಭತ್ಯೆಯನ್ನು ಬಹಳ ಇಳಿಸಿದರು. ಭತ್ಯೆ ಕಡಿಮೆ ಮಾಡಿದರೆ ಬೇಗ ಕೆಲಸ ಹುಡುಕುತ್ತಾರೆ ಎಂಬುದು ಲೆಕ್ಕ. ಕೆಲವರು ಹುಡುಕಿದ್ದೂ ಹೌದು. ಆದರೆ ಆ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು ಕಂಡದ್ದು ಬೇರೆ. ಕೆಲಸದ ಲಾಭ ಸ್ವಲ್ಪ ಕಾಲದಲ್ಲೇ ಕರಗಿತು. ಅಂಗಡಿ ಕಳ್ಳತನದಂಥ ಅಪರಾಧ ಹೆಚ್ಚಿತು. ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರು. ಹೊಟ್ಟೆಗೆ ಕಟ್ಟಿದ ಬಟ್ಟೆ ಮಕ್ಕಳ ಭವಿಷ್ಯಕ್ಕೇ ಬಿಗಿಯಿತು.

ಇನ್ನು ನೀವು ಕೇಳಿದ ಒಡವೆ ವಿಷಯ. 2015ರಲ್ಲಿ ಸಿರಿಯಾ ಯುದ್ಧದಿಂದ ಲಕ್ಷಾಂತರ ಜನ ಯುರೋಪ್‌ಗೆ ಬಂದರು. ಆ ಸೆಪ್ಟೆಂಬರ್‌ನಲ್ಲಿ ನೂರಾರು ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಕ್ಷಿಣ ಡೆನ್ಮಾರ್ಕ್‌ನ ಹೆದ್ದಾರಿಯಲ್ಲೇ ನಡೆದರು. ಹೆಚ್ಚಿನವರಿಗೆ ಡೆನ್ಮಾರ್ಕ್ ಬೇಕಿರಲಿಲ್ಲ, ಸ್ವೀಡನ್ ಮುಟ್ಟಬೇಕಿತ್ತು. ಮರುಗಿದ ಎಷ್ಟೋ ಡೇನರು ಕಾರಿನಲ್ಲಿ ಕೂರಿಸಿಕೊಂಡು ಸ್ವೀಡನ್ ಕಡೆ ಬಿಟ್ಟು ಬಂದರು. ಅವರಲ್ಲಿ ಹಲವರಿಗೆ ಆಮೇಲೆ ಕೋರ್ಟಿನಲ್ಲಿ ದಂಡ ಬಿತ್ತು. ಆ ವರ್ಷ ಡೆನ್ಮಾರ್ಕ್‌ನಲ್ಲಿ ಆಶ್ರಯ ಕೇಳಿದವರು ಸುಮಾರು 21 ಸಾವಿರ. ಸ್ವೀಡನ್‌ನಲ್ಲಿ ಸುಮಾರು 1 ಲಕ್ಷ 63 ಸಾವಿರ.

ಆಗಿನ ವಲಸೆ ಮಂತ್ರಿ ಇಂಗರ್ ಸ್ಟೊಯ್‌ಬರ್ಗ್. ‘ನಮ್ಮಲ್ಲಿ ನಿಯಮ ಬಿಗಿಯಾಗಿದೆ’ ಎಂದು ಅವರ ಸಚಿವಾಲಯ ಲೆಬನಾನ್ ಪತ್ರಿಕೆಗಳಲ್ಲಿ ಜಾಹೀರಾತೇ ಕೊಟ್ಟಿತು. 2016ರ ಜನವರಿಯಲ್ಲಿ ಒಡವೆ ಕಾನೂನು ಬಂತು. ಆಶ್ರಯ ಕೇಳಿ ಬಂದವರ ಹತ್ತಿರ 10 ಸಾವಿರ ಕ್ರೋನಕ್ಕಿಂತ, ಅಂದರೆ ನಮ್ಮ ಒಂದು ಲಕ್ಷ ರೂಪಾಯಿಗೂ ಮೀರಿದ ಮೊತ್ತಕ್ಕಿಂತ, ಹೆಚ್ಚು ನಗದು ಅಥವಾ ಬೆಲೆಬಾಳುವ ವಸ್ತು ಇದ್ದರೆ ಹೆಚ್ಚಿನದ್ದನ್ನು ಅವರ ಖರ್ಚಿಗೆಂದು ಸರ್ಕಾರ ಇಟ್ಟುಕೊಳ್ಳಬಹುದು. ಮದುವೆ ಉಂಗುರ, ನಿಶ್ಚಿತಾರ್ಥದ ಉಂಗುರ, ಮನೆಯವರ ಫೋಟೊ ಇಂಥವಕ್ಕೆ ವಿನಾಯಿತಿ. ಸರ್ಕಾರದ ಸಮಜಾಯಿಷಿ ಹೀಗಿತ್ತು: ಕೆಲಸ ಕಳೆದುಕೊಂಡ ಡೇನನೂ ಭತ್ಯೆ ಕೇಳುವ ಮುಂಚೆ ತನ್ನ ಉಳಿತಾಯ ಖರ್ಚು ಮಾಡಬೇಕು, ಎಲ್ಲರಿಗೂ ಒಂದೇ ನಿಯಮ.

ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಕೆಲಸ ಹೋದ ಡೇನನ ಮೈ ಜೇಬು ಯಾರೂ ತಡಕುವುದಿಲ್ಲ. ಮನೆ ಮಠ ಬಿಟ್ಟು ಬಂದ ಹೆಂಗಸಿಗೆ ಕೈಬಳೆ ಅಂದರೆ ಒಡವೆಯಷ್ಟೇ ಅಲ್ಲ, ಅದು ಅವಳ ಇಡೀ ಬ್ಯಾಂಕು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನಿಮಗೆ ಒಂದು ಮಾತು ಹೇಳಬೇಕು. ಈ ಕಾನೂನನ್ನು ಬಳಸಿದ್ದು ಬೆರಳೆಣಿಕೆಯಷ್ಟು ಸಲ, ಅದೂ ಬಹುತೇಕ ನಗದಿಗೆ. ಇದರಿಂದ ಖಜಾನೆ ತುಂಬುವ ಲೆಕ್ಕವೇ ಇರಲಿಲ್ಲ. ಇಲ್ಲಿಗೆ ಬರಬೇಡಿ ಎಂದು ಜಗತ್ತಿಗೆ ಕೇಳಿಸಬೇಕಿತ್ತು, ಕೇಳಿಸಿತು. ಧಾರವಾಡದಲ್ಲಿ ಕುಳಿತ ನಿಮಗೂ ಕೇಳಿಸಿತಲ್ಲ.

ಒಡವೆ ಸುದ್ದಿಯ ಗದ್ದಲದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಸಂಗತಿ ಮರೆಯಾಯಿತು. ಅದೇ ಕಾನೂನಿನಲ್ಲಿ ಇನ್ನೊಂದು ಕಲಂ ಇತ್ತು. ಯುದ್ಧದಿಂದ ಓಡಿಬಂದು ‘ತಾತ್ಕಾಲಿಕ ರಕ್ಷಣೆ’ ಪಡೆದವರು ಹೆಂಡತಿ ಮಕ್ಕಳನ್ನು ಕರೆಸಲು ಮೂರು ವರ್ಷ ಕಾಯಬೇಕು. ಒಬ್ಬ ಸಿರಿಯನ್ ವೈದ್ಯರು ಇದರ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದರು. 2021ರ ಜುಲೈನಲ್ಲಿ ಗೆದ್ದರು. ಒಬ್ಬೊಬ್ಬರ ಪರಿಸ್ಥಿತಿ ನೋಡದೆ ಎಲ್ಲರನ್ನೂ ಮೂರು ವರ್ಷ ಕಾಯಿಸುವುದು ಕುಟುಂಬ ಜೀವನದ ಹಕ್ಕಿಗೆ ಧಕ್ಕೆ ಎಂದು ಕೋರ್ಟು ಹೇಳಿತು. ಡೆನ್ಮಾರ್ಕ್ ಅದನ್ನು ಎರಡು ವರ್ಷಕ್ಕೆ ಇಳಿಸಿತು. 2021ರ ಡಿಸೆಂಬರ್‌ನಲ್ಲಿ ಸ್ಟೊಯ್‌ಬರ್ಗ್ ಅವರಿಗೂ 60 ದಿನಗಳ ಶಿಕ್ಷೆಯಾಯಿತು. ಆಶ್ರಯ ಕೇಳಿ ಬಂದ ದಂಪತಿಗಳಲ್ಲಿ ಒಬ್ಬರಿಗೆ 18 ತುಂಬಿಲ್ಲದಿದ್ದರೆ, ಯಾರನ್ನೂ ವಿಚಾರಿಸದೆ ಬೇರೆ ಮಾಡಿಸಿದ್ದರು ಎಂಬುದು ಅಪರಾಧ. ನಿನ್-ಹಾನ್ಸನ್ ಆದ ಮೇಲೆ ಅಂಥ ವಿಶೇಷ ನ್ಯಾಯಾಲಯದಲ್ಲಿ ಶಿಕ್ಷೆ ಪಡೆದವರು ಇವರೇ. ಎರಡು ಸಲವೂ ವಿಷಯ ಒಂದೇ: ವಿದೇಶಿಯರ ಕುಟುಂಬ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆಗಿದ್ದು 2019ರ ಫೆಬ್ರುವರಿಯಲ್ಲಿ. ಇದಕ್ಕೆ ಮುಂಚೆ ಆಶ್ರಯ ಸಿಕ್ಕಿತು ಅಂದರೆ ಭಾಷೆ ಕಲಿ, ಕೆಲಸ ಹಿಡಿ, ಇಲ್ಲೇ ಬೇರು ಬಿಡು ಎಂಬ ಅರ್ಥವಿತ್ತು. 2019ರ ಕಾನೂನು ಇದನ್ನು ತಲೆಕೆಳಗು ಮಾಡಿತು. ಆಶ್ರಯ ಅಂದರೆ ತಾತ್ಕಾಲಿಕ. ಪರ್ಮಿಟ್ ಒಂದು ಅಥವಾ ಎರಡು ವರ್ಷಕ್ಕೆ. ಊರಿನಲ್ಲಿ ಪರಿಸ್ಥಿತಿ ಸ್ವಲ್ಪ ಸುಧಾರಿಸಿತು ಅನ್ನಿಸಿದರೆ ವಾಪಸ್ ಹೋಗಬೇಕು. ಹೊಸಬರಿಗೆ ಕೊಡುತ್ತಿದ್ದ ಭತ್ಯೆಯ ಹೆಸರಿನಲ್ಲೇ ‘ಮರಳಿ ಹೋಗುವ’ ಎಂಬ ಮಾತು ಸೇರಿಕೊಂಡಿತು. ಡೇನರು ಇದನ್ನು ‘ಪ್ಯಾರಾಡೈಮ್ ಶಿಫ್ಟ್’ ಅಂತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನೆ ಆಗಿದ್ದದ್ದು ಬಸ್ ಸ್ಟ್ಯಾಂಡ್ ಆಯಿತು. ಮಳೆ ನಿಲ್ಲುವ ತನಕ ನಿಂತಿರು. ನಿಂತರೆ ಹೊರಡು.

ಸಿರಿಯಾದ ರಾಜಧಾನಿ ಡಮಾಸ್ಕಸ್‌ನವರ ಮೇಲೆ ಇದು ಹೇಗೆ ಬಂತು ನೋಡಿ. ಡಮಾಸ್ಕಸ್ ಸುತ್ತಮುತ್ತ ಈಗ ಸುರಕ್ಷಿತ ಎಂದು ಡೆನ್ಮಾರ್ಕ್‌ನ ವಲಸೆ ಇಲಾಖೆ ತೀರ್ಮಾನಿಸಿತು. ಆಗ ಯುರೋಪ್‌ನ ಬೇರೆ ದೇಶಗಳು ಹಾಗೆ ಹೇಳಿರಲಿಲ್ಲ. ಜನ ಯಾರಿಗೆ ಹೆದರಿ ಓಡಿದ್ದರೋ ಆ ಸಿರಿಯಾ ಅಧ್ಯಕ್ಷ ಅಸಾದ್ ಇನ್ನೂ ಗದ್ದುಗೆಯಲ್ಲೇ ಇದ್ದರು. 2020, 2021ರಲ್ಲಿ ಪರ್ಮಿಟ್ ರದ್ದು ಮಾಡುವ ಪತ್ರಗಳು ಮನೆಗಳಿಗೆ ಬಂದವು. ಯಾರಿಗೆ? ಗಂಡಸರಿಗೆ ಸಿರಿಯಾ ಸೈನ್ಯಕ್ಕೆ ಎಳೆದೊಯ್ಯುವ ಭಯ ಇದ್ದದ್ದರಿಂದ ಅವರಿಗೆ ಗಟ್ಟಿ ರಕ್ಷಣೆ ಇತ್ತು. ಪೆಟ್ಟು ಬಿದ್ದದ್ದು ಜಾಸ್ತಿ ಹೆಂಗಸರಿಗೆ, ವಯಸ್ಸಾದವರಿಗೆ. ನರ್ಸಿಂಗ್ ಓದುತ್ತಿದ್ದ ಹುಡುಗಿಯರಿಗೆ, ಪಿಯುಸಿಯಂಥ ತರಗತಿ ಮುಗಿಸುತ್ತಿದ್ದವರಿಗೆ. ಅಣ್ಣ ಇಲ್ಲೇ ಇರಬಹುದು, ತಂಗಿ ಹೋಗಬೇಕು. ಶಾಲೆಯ ಗೆಳೆಯ ಗೆಳತಿಯರು, ಮೇಷ್ಟ್ರುಗಳು ಬೀದಿಗೆ ಬಂದು ಪ್ರತಿಭಟನೆ ಮಾಡಿದರು. ಮೇಲ್ಮನವಿಯಲ್ಲಿ ಎಷ್ಟೋ ಜನರಿಗೆ ಪರ್ಮಿಟ್ ವಾಪಸ್ ಸಿಕ್ಕಿತು. ಆದರೆ ಆ ಒಂದೆರಡು ವರ್ಷ ಅವರು ಅನುಭವಿಸಿದ ಭಯ ಎಲ್ಲಿ ಹೋಗುತ್ತದೆ?

ಪರ್ಮಿಟ್ ಹೋದವರನ್ನು ವಿಮಾನ ಹತ್ತಿಸಿ ಕಳಿಸುವಂತೆಯೂ ಇರಲಿಲ್ಲ. ಅಸಾದ್ ಸರ್ಕಾರದೊಂದಿಗೆ ಡೆನ್ಮಾರ್ಕ್‌ಗೆ ಮಾತುಕತೆಯೇ ಇರಲಿಲ್ಲ. ಹಾಗಾಗಿ ಅಂಥವರಿಗೆ ಉಳಿದದ್ದು ‘ನಿರ್ಗಮನ ಕೇಂದ್ರ’. ಯೂಟ್ಲಂಡ್‌ನ ಇಕಾಸ್ಟ್ ಹತ್ತಿರದ ಒಂದು ಕೇಂದ್ರ ಮುಂಚೆ ಜೈಲಾಗಿತ್ತು. ಕೋಪನ್‌ಹೇಗನ್‌ನ ಉತ್ತರಕ್ಕಿರುವ ಇನ್ನೊಂದು ಸೈನಿಕರ ಬ್ಯಾರಕ್ ಆಗಿತ್ತು. ಇಲ್ಲಿರುವವರು ಕೆಲಸ ಮಾಡುವಂತಿಲ್ಲ. ರಾತ್ರಿ ಅಲ್ಲೇ ಮಲಗಬೇಕು. ಅಡುಗೆಯೂ ಅವರೇ ಮಾಡಿಕೊಳ್ಳುವಂತಿಲ್ಲ, ಕೊಟ್ಟದ್ದನ್ನು ಕ್ಯಾಂಟೀನಿನಲ್ಲಿ ತಿನ್ನಬೇಕು. ಎಷ್ಟು ದಿನ? ದಿನದ ಲೆಕ್ಕ ಇಲ್ಲ. ನನಗೆ ಡೆನ್ಮಾರ್ಕ್‌ನ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ನೋವು ಕೊಡುವ ಜಾಗ ಇದು. ಒಬ್ಬ ತಾಯಿ ತನ್ನ ಮಗುವಿಗೆ ತಾನೇ ಅನ್ನ ಬೇಯಿಸಿ ಹಾಕುವಂತಿಲ್ಲ ಅನ್ನುವುದು ಯಾವ ದೇಶದ ಭದ್ರತೆಗೂ ಬೇಕಾದ ನಿಯಮವಲ್ಲ. ಮಕ್ಕಳ ಆರೋಗ್ಯದ ಬಗ್ಗೆ ಕೂಗು ಎದ್ದ ಮೇಲೆ 2020ರಲ್ಲಿ ಕುಟುಂಬಗಳನ್ನು ಆ ಬ್ಯಾರಕ್‌ನಿಂದ ಅಡುಗೆಗೆ ಅವಕಾಶವಿರುವ ಬೇರೆ ಕಡೆಗೆ ಸಾಗಿಸಿದರು. ಅಷ್ಟಾದರೂ ಆಯಿತು.

2024ರ ಡಿಸೆಂಬರ್ 8ರಂದು ಅಸಾದ್ ಆಡಳಿತ ಬಿತ್ತು. ಆಗ ಡೆನ್ಮಾರ್ಕ್ ಒಂದೇ ಅಲ್ಲ, ಯುರೋಪ್‌ನ ಹಲವು ದೇಶಗಳು ಸಿರಿಯನ್ನರ ಅರ್ಜಿಗಳನ್ನು ಕೆಲಕಾಲ ತಡೆಹಿಡಿದವು.

ಹಾಗಾದರೆ ಐರೋಪ್ಯ ಒಕ್ಕೂಟ ಏನೂ ಹೇಳುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲೇ ಡೆನ್ಮಾರ್ಕ್‌ನ ವಿಶೇಷ ಇರುವುದು. 1992ರಲ್ಲಿ, ಒಕ್ಕೂಟಕ್ಕೆ ರೂಪ ಕೊಟ್ಟ ಮಾಸ್ಟ್ರಿಕ್ಟ್ ಒಪ್ಪಂದವನ್ನು ಡೇನ್ ಮತದಾರರು ತಿರಸ್ಕರಿಸಿದರು. ಅವರನ್ನು ಒಪ್ಪಿಸಲು ಒಕ್ಕೂಟ ಕೆಲವು ವಿಷಯಗಳಲ್ಲಿ ವಿನಾಯಿತಿ ಕೊಟ್ಟಿತು. ನ್ಯಾಯ ಮತ್ತು ಒಳಾಡಳಿತ ಅದರಲ್ಲೊಂದು. ಆಶ್ರಯದ ನಿಯಮಗಳು ಅದರೊಳಗೆ ಬರುತ್ತವೆ. 2015ರ ಡಿಸೆಂಬರ್‌ನಲ್ಲಿ ಈ ವಿನಾಯಿತಿಯನ್ನು ಸಡಿಲಿಸೋಣವೇ ಎಂದು ಜನಮತ ಕೇಳಿದಾಗ ಶೇ. 53ರಷ್ಟು ಜನ ಬೇಡ ಅಂದರು. ಹಾಗಾಗಿ ಜರ್ಮನಿಗೆ, ಫ್ರಾನ್ಸ್‌ಗೆ ಕಟ್ಟು ಹಾಕುವ ಒಕ್ಕೂಟದ ಆಶ್ರಯ ಕಾನೂನು ಡೆನ್ಮಾರ್ಕ್‌ಗೆ ತಟ್ಟುವುದಿಲ್ಲ. ಮೊದಲು ಕಾಲಿಟ್ಟ ದೇಶಕ್ಕೇ ವಾಪಸ್ ಕಳಿಸುವ ಡಬ್ಲಿನ್ ನಿಯಮದಲ್ಲಿ ಮಾತ್ರ ಬೇರೆ ಒಪ್ಪಂದ ಮಾಡಿಕೊಂಡು ಸೇರಿದ್ದಾರೆ, ಅದು ಅವರಿಗೆ ಅನುಕೂಲ. ‘ಡೆನ್ಮಾರ್ಕ್ ಮಾಡಿದ್ದನ್ನು ನಾವೂ ಮಾಡೋಣ’ ಎನ್ನುವ ಬೇರೆ ದೇಶಗಳ ರಾಜಕಾರಣಿಗಳು ಈ ಒಂದು ಸಂಗತಿಯನ್ನು ಮತದಾರರಿಗೆ ಹೇಳುವುದೇ ಇಲ್ಲ.

ಇದೆಲ್ಲ ಬಲಪಂಥದವರ ಕೆಲಸ ಅಂತ ಅನ್ನಿಸಬಹುದು. ಹಾಗಲ್ಲ. 2019ರ ಕಾನೂನಿಗೆ ಎಡಪಂಥದ ಸೋಶಿಯಲ್ ಡೆಮಾಕ್ರಾಟರೂ ಕೈ ಎತ್ತಿದರು. ಆ ವರ್ಷ ಅವರ ನಾಯಕಿ ಮೆಟ್ಟೆ ಫ್ರೆಡೆರಿಕ್ಸನ್ ಪ್ರಧಾನಿಯಾದರು. 2021ರಲ್ಲಿ, ಆಶ್ರಯ ಕೇಳಿ ಬರುವವರ ಸಂಖ್ಯೆ ಸೊನ್ನೆ ಆಗಬೇಕು ಎಂಬುದೇ ಗುರಿ ಎಂದರು. ಅರ್ಜಿದಾರರನ್ನು ಯುರೋಪ್‌ನ ಹೊರಗೆ ಕಳಿಸಿ ಅಲ್ಲೇ ವಿಚಾರಣೆ ಮಾಡುವ ಕಾನೂನನ್ನೂ ತಂದರು. ರುವಾಂಡಾ ಜೊತೆ ಮಾತುಕತೆ ನಡೆಯಿತು. ಒಬ್ಬರನ್ನೂ ಕಳಿಸದೆ 2023ರಲ್ಲಿ ಅದನ್ನು ಬದಿಗಿಟ್ಟರು.

ಅವರ ವಾದವನ್ನು ಅವರ ಕಡೆಯಿಂದಲೇ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ನಿಮ್ಮ ಮಗ ಹೊಗಳುವ ಫ್ರೀ ಆಸ್ಪತ್ರೆ, ಫ್ರೀ ಶಾಲೆ ನಡೆಯುವುದು ಭಾರೀ ತೆರಿಗೆಯಿಂದ. ಸುಮಾರು 60 ಲಕ್ಷ ಜನರ ದೇಶ ಅದು. ನಾನು ಕಟ್ಟಿದ ತೆರಿಗೆ ನನ್ನಂತೆಯೇ ದುಡಿಯುವ ಇನ್ನೊಬ್ಬನಿಗೆ ಹೋಗುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಜನ ಅಷ್ಟು ತೆರಿಗೆಯನ್ನು ಮನಸ್ಸಿಟ್ಟು ಕಟ್ಟುತ್ತಾರೆ. ಬೇಗ ಬೇಗ ಜಾಸ್ತಿ ಜನ ಬಂದರೆ ಆ ನಂಬಿಕೆ ಒಡೆಯುತ್ತದೆ, ಮೊದಲು ಪೆಟ್ಟು ತಿನ್ನುವುದು ಬಡ ಬಡಾವಣೆಯ ಕೂಲಿಕಾರರೇ, ಶ್ರೀಮಂತರಲ್ಲ. ಇದು ಫ್ರೆಡೆರಿಕ್ಸನ್ ಅವರ ಮಾತಿನ ಸಾರ. ಇದರಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಆ ನಂಬಿಕೆ ಉಳಿಸಲು ಪರ್ಮಿಟ್ ತಾತ್ಕಾಲಿಕ ಮಾಡುವುದು ಹೇಗೆ ಸಹಾಯ ಮಾಡುತ್ತದೆ? ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವನು ಕಷ್ಟದ ಡೇನ್ ಭಾಷೆ ಯಾಕೆ ಕಲಿಯುತ್ತಾನೆ? ಯಾವ ಮಾಲೀಕ ಅವನಿಗೆ ಕಸುಬು ಕಲಿಸುತ್ತಾನೆ?

ಇದಕ್ಕೆ ಉತ್ತರ ಡೆನ್ಮಾರ್ಕ್‌ನ ಚರಿತ್ರೆಯಲ್ಲೇ ಇದೆ. 1992ರಲ್ಲಿ ಬೋಸ್ನಿಯಾ ಯುದ್ಧದಿಂದ ಬಂದವರಿಗೂ ಹೀಗೇ ತಾತ್ಕಾಲಿಕ ಕಾನೂನು ಮಾಡಿದ್ದರು. ವಾಪಸ್ ಹೋಗುವವರು ತಾನೇ ಎಂದು ಕ್ಯಾಂಪುಗಳಲ್ಲಿ ಇಟ್ಟರು. ಯುದ್ಧ ಮುಗಿಯಲಿಲ್ಲ. 1995ರಲ್ಲಿ ಆ ನೀತಿ ಬಿಟ್ಟು ಉಳಿಯಲು ಅವಕಾಶ ಕೊಟ್ಟರು. ಸುಮಾರು 17 ಸಾವಿರ ಜನ. ಅವರ ಮಕ್ಕಳು ಇವತ್ತು ಓದಿನಲ್ಲಿ, ಕೆಲಸದಲ್ಲಿ ಡೇನ್ ಮಕ್ಕಳ ಸಮಕ್ಕೆ ನಿಂತಿದ್ದಾರೆ. 2022ರಲ್ಲಿ ಉಕ್ರೇನ್‌ನಿಂದ 30 ಸಾವಿರಕ್ಕೂ ಹೆಚ್ಚು ಜನ ಬಂದಾಗಲೂ ಕೆಲವೇ ವಾರಗಳಲ್ಲಿ ವಿಶೇಷ ಕಾನೂನು ಮಾಡಿದರು. ಉದ್ದದ ವಿಚಾರಣೆ ಇಲ್ಲ, ಒಡವೆ ಕಾನೂನು ಅನ್ವಯಿಸುವುದಿಲ್ಲ, ತಕ್ಷಣ ಕೆಲಸಕ್ಕೆ ಸೇರಬಹುದು. ಬಂದವರಲ್ಲಿ ಬಹಳ ಜನ ಬೇಗನೆ ಕೆಲಸ ಹಿಡಿದರು. ಇಂಥ ವ್ಯವಸ್ಥೆ ಮಾಡಲು ಆ ದೇಶಕ್ಕೆ ಬರುತ್ತದೆ. ಡಮಾಸ್ಕಸ್‌ನ ಹುಡುಗಿಯರು ಇದನ್ನು ನೋಡುತ್ತಾ ತಮ್ಮ ಮೇಲ್ಮನವಿಗೆ ಕಾಯುತ್ತಿದ್ದರು.

ಲಾಭ ಆಯಿತೇ ಎಂದು ಕೇಳಿದಿರಿ. ಸಂಖ್ಯೆ ಇಳಿಯಿತು, ಅದು ಸತ್ಯ. 2015ರ 21 ಸಾವಿರ ಎಲ್ಲಿ, 2020ರ ಸುಮಾರು ಒಂದೂವರೆ ಸಾವಿರ ಎಲ್ಲಿ. 2024ರಲ್ಲೂ 2,300ರ ಆಸುಪಾಸು. ಆದರೆ 2016ರಲ್ಲಿ ಟರ್ಕಿ ಜೊತೆ ಒಕ್ಕೂಟದ ಒಪ್ಪಂದವಾದ ಮೇಲೆ ಯುರೋಪ್‌ನಾದ್ಯಂತ ಇಳಿದಿತ್ತು. 2020ರಲ್ಲಿ ಕೊರೋನಾ ಬೇರೆ. ದಕ್ಷಿಣದಿಂದ ನೆಲದ ದಾರಿಯಲ್ಲಿ ಡೆನ್ಮಾರ್ಕ್‌ಗೆ ಬರಬೇಕಾದರೆ ಮೊದಲು ಜರ್ಮನಿ ದಾಟಬೇಕು. ಕಾನೂನಿನ ಪಾಲು ಇಲ್ಲ ಅನ್ನಲಾಗದು, ಎಲ್ಲವೂ ಕಾನೂನಿನಿಂದ ಅನ್ನುವುದೂ ತಪ್ಪು. ರಾಜಕೀಯದ ಲೆಕ್ಕ ಇನ್ನೂ ಸಿಕ್ಕು. 2015ರಲ್ಲಿ ಶೇ. 21 ಮತ ಪಡೆದಿದ್ದ ಡ್ಯಾನಿಷ್ ಪೀಪಲ್ಸ್ ಪಾರ್ಟಿ 2019ರಲ್ಲಿ ಶೇ. 9ಕ್ಕೂ ಕೆಳಗೆ ಕುಸಿಯಿತು. ಆದರೆ 2025ರ ನವೆಂಬರ್‌ನ ಸ್ಥಳೀಯ ಚುನಾವಣೆಯಲ್ಲಿ ಸೋಶಿಯಲ್ ಡೆಮಾಕ್ರಾಟರು ನೂರು ವರ್ಷಕ್ಕೂ ಹೆಚ್ಚು ಕಾಲ ತಮ್ಮದಾಗಿದ್ದ ಕೋಪನ್‌ಹೇಗನ್ ಮೇಯರ್ ಪಟ್ಟವನ್ನೇ ಕಳೆದುಕೊಂಡರು. ಅದೇ ನವೆಂಬರ್‌ನಲ್ಲಿ ಬ್ರಿಟನ್ನಿನ ಗೃಹ ಮಂತ್ರಿ ಶಬಾನಾ ಮಹಮೂದ್ ಡೆನ್ಮಾರ್ಕ್ ಮಾದರಿಯಲ್ಲೇ ತಾತ್ಕಾಲಿಕ ಆಶ್ರಯದ ಯೋಜನೆ ಪ್ರಕಟಿಸಿದರು. ಅಲ್ಲಿ ಎರಡೂವರೆ ವರ್ಷಕ್ಕೊಮ್ಮೆ ಮರುಪರಿಶೀಲನೆ, ಖಾಯಂ ಆಗಲು 20 ವರ್ಷ. ಇಪ್ಪತ್ತು ವರ್ಷ! ಮಗುವಾಗಿ ಬಂದವಳು ಮಗುವಿನ ತಾಯಿಯಾಗಿರುತ್ತಾಳೆ.

ಇನ್ನು ನಿಮ್ಮ ಮಗನ ವಿಷಯ. ಚಿಂತೆ ಬೇಡ. ಅವನದು ಕೆಲಸದ ಪರ್ಮಿಟ್, ಅದರ ದಾರಿಯೇ ಬೇರೆ. ಡೆನ್ಮಾರ್ಕ್‌ಗೆ ಇಂಜಿನಿಯರ್‌ಗಳು ಬೇಕು. ಕರೆಸಿಕೊಳ್ಳಲು ಸಂಬಳದ ಮಿತಿಯ ಯೋಜನೆ, ಬೇಡಿಕೆಯಿರುವ ಕಸುಬುಗಳ ಪಟ್ಟಿ ಇಟ್ಟಿದ್ದಾರೆ. ಮದುವೆಯಾದರೆ ಹೆಂಡತಿ ಜೊತೆಗೆ ಹೋಗಬಹುದು, ಕೆಲಸವನ್ನೂ ಮಾಡಬಹುದು. ಆದರೆ ಖಾಯಂ ವಾಸದ ನಿಯಮ ಅವನಿಗೂ ಬಿಗಿಯೇ. ಸಾಮಾನ್ಯವಾಗಿ ಎಂಟು ವರ್ಷ, ಹೆಚ್ಚುವರಿ ಷರತ್ತುಗಳನ್ನೆಲ್ಲ ಪೂರೈಸಿದರೆ ನಾಲ್ಕು. ಕೊನೆಯ ನಾಲ್ಕು ವರ್ಷಗಳಲ್ಲಿ ಮೂರೂವರೆ ವರ್ಷ ಪೂರ್ಣ ಕೆಲಸ ಮಾಡಿರಬೇಕು, ಡೇನ್ ಭಾಷೆಯ ಪರೀಕ್ಷೆ ಪಾಸಾಗಿರಬೇಕು. ಅಲ್ಲೇ ಮಗು ಹುಟ್ಟಿದರೂ ಹುಟ್ಟಿದ ಮಾತ್ರಕ್ಕೆ ಡೇನ್ ಪ್ರಜೆ ಆಗುವುದಿಲ್ಲ. ಇನ್ನೊಂದು ವಿಷಯ ಅವನಿಗೆ ಗೊತ್ತಿರಲಿ. ಅಲ್ಲಿನ ಸರ್ಕಾರಿ ಅಂಕಿಅಂಶಗಳು ವಿದೇಶಿ ಮೂಲದವರನ್ನು ‘ಪಾಶ್ಚಾತ್ಯರು’, ‘ಪಾಶ್ಚಾತ್ಯರಲ್ಲದವರು’ ಎಂದು ಭಾಗ ಮಾಡುತ್ತವೆ. ಭಾರತದವರು ಎರಡನೆಯ ಪಟ್ಟಿಯಲ್ಲಿದ್ದಾರೆ, ಸಿರಿಯಾದವರ ಜೊತೆಯಲ್ಲೇ.

ಅವನು ಕೇಳಿದ ಪ್ರಶ್ನೆ ಓದಿ ನನಗೆ ನಿಜವಾಗಿ ಖುಷಿಯಾಯಿತು. ಖಂಡಿತ ಆಗುತ್ತದೆ. ಡೆನ್ಮಾರ್ಕ್‌ನಲ್ಲಿ ‘ಡ್ಯಾನಿಷ್ ರೆಫ್ಯೂಜಿ ಕೌನ್ಸಿಲ್’ ಎಂಬ ಸಂಸ್ಥೆ ಇದೆ. ಹಂಗೇರಿಯಿಂದ ಜನ ಓಡಿಬಂದ 1956ರಲ್ಲಿ ಶುರುವಾದದ್ದು. ಅವರ ಸ್ವಯಂಸೇವಕರು ಊರೂರಲ್ಲಿ ನಿರಾಶ್ರಿತರ ಮಕ್ಕಳಿಗೆ ಹೋಮ್‌ವರ್ಕ್ ಹೇಳಿಕೊಡುತ್ತಾರೆ, ಭಾಷಾ ಕೆಫೆಗಳಲ್ಲಿ ಕುಳಿತು ಮಾತಾಡುತ್ತಾರೆ. ರೆಡ್ ಕ್ರಾಸ್‌ಗೂ ಇಂಥ ಕೆಲಸಗಳಿವೆ. ಡೇನ್ ಭಾಷೆ ಚೆನ್ನಾಗಿ ಬರಲಿ ಅಂತ ಕಾಯುತ್ತಾ ಕೂರುವುದು ಬೇಡ. ಎಂಟನೇ ತರಗತಿ ಹುಡುಗನಿಗೆ ಗಣಿತ ಹೇಳಿಕೊಡಲು ನಿಮ್ಮ ಮಗನಿಗೆ ಬರುತ್ತದಲ್ಲ. ತನ್ನ ಪರ್ಮಿಟ್‌ನಲ್ಲಿ ಸ್ವಯಂಸೇವೆಗೆ ಏನಾದರೂ ಷರತ್ತು ಇದೆಯೇ ಎಂದು ಮೊದಲು ಒಮ್ಮೆ ವಿಚಾರಿಸಿಕೊಳ್ಳಲಿ. ಆಮೇಲೆ ವಾರಕ್ಕೆ ಒಂದು ಸಂಜೆ ಸಾಕು, ಆದರೆ ಅದೇ ಸಂಜೆ, ತಪ್ಪದೆ ಹೋಗಬೇಕು. ಆ ಮಕ್ಕಳ ಮನೆಯಲ್ಲಿ ಮುಂದಿನ ವರ್ಷದ ಬಗ್ಗೆ ಯಾರಿಗೂ ಏನೂ ಹೇಳಲಾಗುವುದಿಲ್ಲ. ಮುಂದಿನ ಮಂಗಳವಾರ ಬರುತ್ತೇನೆ ಅಂದವನು ಬಂದರೆ ಅವರಿಗೆ ಅದು ದೊಡ್ಡದು.